ಎನ್‌ಎಂಎಂಎಸ್: ಪರೀಕ್ಷೆ ಗೆದ್ದ ಮಗುವಿಗೂ ದುಡ್ಡು ಯಾಕೆ ಸಿಗೋದಿಲ್ಲ?

ಎನ್‌ಎಂಎಂಎಸ್, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಕೊಡುವ ‘ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್’ನ ಪರೀಕ್ಷೆ. ಅದರ ಫಲಿತಾಂಶ ಬಂದ ವಾರ ಹೈಸ್ಕೂಲು ಮೇಷ್ಟ್ರುಗಳ ವಾಟ್ಸಾಪ್ ಗುಂಪುಗಳಲ್ಲಿ ಅವೇ ಪ್ರಶ್ನೆಗಳು ಓಡಾಡುತ್ತವೆ. ‘ನಮ್ಮ ಹುಡುಗಿ ಪಾಸಾಗಿದ್ದಾಳೆ, ಪಟ್ಟಿಯಲ್ಲಿ ಹೆಸರಿಲ್ಲ, ಯಾಕೆ?’ ‘ಹೋದ ವರ್ಷ ಆಯ್ಕೆಯಾದವನಿಗೆ ಇನ್ನೂ ದುಡ್ಡು ಬಂದಿಲ್ಲ, ಯಾರನ್ನ ಕೇಳಬೇಕು?’ ‘ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿದ್ದೀವಲ್ಲ, ಮತ್ತೆ ಎನ್‌ಎಸ್‌ಪಿ (ಕೇಂದ್ರದ ಪೋರ್ಟಲ್) ಯಾಕೆ?’ ಇವುಗಳ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಕೇಂದ್ರ ಸರ್ಕಾರ ಈ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು 2025-26ರವರೆಗೆ. ಹಾಗಾದ್ರೆ ಮುಂದೇನು?

ಈ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಸುತ್ತಾ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪರೀಕ್ಷೆ ಗೆದ್ದ ಬಡವರ ಮನೆಯ ಮಗು ದುಡ್ಡು ಕಳೆದುಕೊಳ್ಳುವ ಜಾಗಗಳೆಲ್ಲ ಪರೀಕ್ಷೆಯ ಆಚೆಗಿವೆ. ಅವುಗಳಲ್ಲಿ ಹೆಚ್ಚಿನವನ್ನು ದೊಡ್ಡ ಖರ್ಚಿಲ್ಲದೆ ಸರಿಮಾಡಬಹುದು.

ಇದು ಯಾರಿಗೆ, ಎಷ್ಟು?

ಯೋಜನೆ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಅದರ ಹೆಸರಿನಲ್ಲೇ ಎರಡು ಷರತ್ತು ಅಡಗಿವೆ: ಮಗು ಓದಿನಲ್ಲಿ ಮುಂದಿರಬೇಕು, ಮನೆಯ ಆದಾಯ ಕಡಿಮೆ ಇರಬೇಕು. ದುಡ್ಡು ಪೂರ್ತಿ ಕೇಂದ್ರದ್ದು, ಪರೀಕ್ಷೆ ನಡೆಸೋದು ರಾಜ್ಯ. ಮಗು 8ನೇ ತರಗತಿಯಲ್ಲಿ ಪರೀಕ್ಷೆ ಬರೆಯುತ್ತದೆ. ಆಯ್ಕೆಯಾದರೆ 9ನೇ ತರಗತಿಯಿಂದ ಎರಡನೇ ಪಿಯುಸಿವರೆಗೆ, ನಾಲ್ಕು ವರ್ಷ ದುಡ್ಡು ಬರಬೇಕು. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು. 2017ರ ಏಪ್ರಿಲ್‌ನಿಂದ 1,000 ಆಯಿತು. ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000.

ಅಪ್ಪ ಅಮ್ಮನ ಒಟ್ಟು ವಾರ್ಷಿಕ ಆದಾಯ 3.5 ಲಕ್ಷ ದಾಟಬಾರದು. ಮೊದಲು ಈ ಮಿತಿ 1.5 ಲಕ್ಷ ಇತ್ತು. 7ನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಇದರಲ್ಲಿ ಶೇ 5 ರಿಯಾಯಿತಿ ಇದೆ.

ಮಗು ಓದುತ್ತಿರುವುದು ಸರ್ಕಾರಿ, ಅನುದಾನಿತ ಇಲ್ಲವೇ ಸ್ಥಳೀಯ ಸಂಸ್ಥೆಯ ಶಾಲೆ ಆಗಿರಬೇಕು. ಖಾಸಗಿ ಶಾಲೆಯ ಮಕ್ಕಳಿಗೆ ಇದು ಇಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯದವರಿಗೂ ಇಲ್ಲ. ಊಟ ವಸತಿ ಕೊಡುವ ರಾಜ್ಯದ ವಸತಿ ಶಾಲೆಗಳಿಗೂ ಇಲ್ಲ. ಮೊರಾರ್ಜಿ ದೇಸಾಯಿ ಶಾಲೆಯ ಮಗುವಿನ ಮನೆಯವರು ‘ನಾವೂ ಬಡವರೇ, ನಮಗ್ಯಾಕಿಲ್ಲ?’ ಅಂತ ಕೇಳೋದು ಸಹಜ. ಸರ್ಕಾರದ ಉತ್ತರ ಏನಂದರೆ, ಆ ಮಗುವಿನ ಊಟ, ಬಟ್ಟೆ, ಪುಸ್ತಕದ ಖರ್ಚು ಈಗಾಗಲೇ ಬೊಕ್ಕಸದಿಂದ ಹೋಗುತ್ತಿದೆ. ಈ ತರ್ಕ 10ನೇ ತರಗತಿವರೆಗೆ ಸರಿ. ಆದರೆ ಅದೇ ಮಗು ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಗೆ ಬಂದು ತಾಲ್ಲೂಕಿನ ಪಿಯು ಕಾಲೇಜಿಗೆ ದಿನಾ ಬಸ್ಸಲ್ಲಿ ಓಡಾಡುವ ಎರಡು ವರ್ಷಕ್ಕೆ ಈ ಉತ್ತರ ಸಾಲದು.

ಪಾಸ್ ಬೇರೆ, ಆಯ್ಕೆ ಬೇರೆ

ಮೊದಲ ಪ್ರಶ್ನೆಗೆ ಬರೋಣ. ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು. ಇನ್ನೊಂದು ಪಾಠದ ವಿಷಯಗಳದ್ದು, ವಿಜ್ಞಾನ, ಸಮಾಜ, ಗಣಿತ. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಒಟ್ಟು 180 ಅಂಕ. ಪಾಸಾಗಲು ಒಟ್ಟಾರೆ ಶೇ 40, ಅಂದರೆ 72 ಅಂಕ ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 32.

ಆದರೆ ಇದು ಬರೀ ಅರ್ಹತೆ. ಹೊಸಿಲು ದಾಟಿದಂತೆ ಅಷ್ಟೇ. ಇಡೀ ದೇಶಕ್ಕೆ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನ. ಅದರಲ್ಲಿ ಕರ್ನಾಟಕದ ಪಾಲು 5,534. ಮಹಾರಾಷ್ಟ್ರಕ್ಕೆ 11,682, ತಮಿಳುನಾಡಿಗೆ 6,695, ಕೇರಳಕ್ಕೆ 3,473. 7 ಮತ್ತು 8ನೇ ತರಗತಿಯ ದಾಖಲಾತಿ, ಆ ವಯಸ್ಸಿನ ಮಕ್ಕಳ ಸಂಖ್ಯೆ ನೋಡಿ ಈ ಹಂಚಿಕೆ ಆಗಿದೆ.

ನಮ್ಮಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ. ಅದರಲ್ಲಿ ಅರ್ಧದಷ್ಟು ಮಕ್ಕಳು ಮಾತ್ರ ಸರ್ಕಾರಿ, ಅನುದಾನಿತ ಶಾಲೆಯವರು ಅಂತ ತುಂಬಾ ಕಡಿಮೆ ಲೆಕ್ಕ ಹಿಡಿದರೂ, 5,534 ಅನ್ನೋದು ನೂರಕ್ಕೆ ಒಂದೂ ಚಿಲ್ಲರೆ. ಹಾಗಾಗಿ ಪಾಸಾದವರು ತುಂಬಾ ಜನ ಇರುತ್ತಾರೆ, ಆಯ್ಕೆಯಾಗುವವರು ಬೆರಳೆಣಿಕೆ.

ಇನ್ನೊಂದು ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ರಾಜ್ಯದ 5,534 ಮತ್ತೆ ಜಿಲ್ಲೆಗಳಿಗೆ ಹಂಚಿಕೆಯಾಗುತ್ತದೆ. ಜಿಲ್ಲೆಯೊಳಗೆ ಮೀಸಲಾತಿ ಪ್ರಕಾರ ಪಟ್ಟಿ ಆಗುತ್ತದೆ. ಉದಾಹರಣೆಗೆ, ಒಂದು ಜಿಲ್ಲೆಯಲ್ಲಿ 120 ಅಂಕ ಬಂದವಳು ಹೊರಗುಳಿದು, ಇನ್ನೊಂದು ಜಿಲ್ಲೆಯಲ್ಲಿ 105 ಬಂದವನು ಒಳಗೆ ಬರಬಹುದು. ಇದನ್ನು ಅನ್ಯಾಯ ಅನ್ನುವವರಿದ್ದಾರೆ. ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಿ, ಮೇಲಿನಿಂದ 5,534 ಹೆಸರು ತೆಗೀರಿ ಅನ್ನೋದು ಅವರ ವಾದ.

ಈ ವಾದ ಒಪ್ಪುವ ಮುಂಚೆ ಪ್ರಶ್ನೆಪತ್ರಿಕೆಯನ್ನು ಒಮ್ಮೆ ನೋಡಬೇಕು. ‘3, 7, 15, 31, ಮುಂದಿನ ಸಂಖ್ಯೆ ಯಾವುದು?’ ‘ಕನ್ನಡಿಯಲ್ಲಿ ಗಡಿಯಾರ 3 ಗಂಟೆ 20 ನಿಮಿಷ ತೋರಿಸುತ್ತಿದೆ, ನಿಜವಾದ ಸಮಯ ಎಷ್ಟು?’ ಮೊದಲ ಪತ್ರಿಕೆಯಲ್ಲಿ ಬರೋದು ಇಂಥ ಪ್ರಶ್ನೆಗಳು. ಉತ್ತರ 63, ಮತ್ತು 8 ಗಂಟೆ 40 ನಿಮಿಷ. ಕಷ್ಟವೇನಲ್ಲ. ಆದರೆ ಪಠ್ಯಪುಸ್ತಕದ ಯಾವ ಪಾಠದಲ್ಲೂ ಇದನ್ನು ಕಲಿಸೋದಿಲ್ಲ. ‘ಎರಡರಿಂದ ಗುಣಿಸಿ ಒಂದು ಕೂಡಿಸು’ ಅಂತ ಒಬ್ಬರು ಒಮ್ಮೆ ತೋರಿಸಿದ್ದರೆ ಹತ್ತು ಸೆಕೆಂಡಿನ ಕೆಲಸ. ತೋರಿಸದಿದ್ದರೆ ಮಗು ಅಲ್ಲೇ ಐದು ನಿಮಿಷ ಕೂರುತ್ತದೆ. ಒಂದು ಪ್ರಶ್ನೆಗೆ ಸಿಗೋದು ಒಂದೇ ನಿಮಿಷ.

ಅಂದರೆ ಅಂಕದಲ್ಲಿ ಮಗುವಿನ ಜಾಣತನದ ಜೊತೆಗೆ ಶಾಲೆಯ ತಯಾರಿಯೂ ಸೇರಿರುತ್ತದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಹಳೇ ಪ್ರಶ್ನೆಪತ್ರಿಕೆ ಬಿಡಿಸುವ ಮೇಷ್ಟ್ರು ಇರುವ ಕಡೆ ಪ್ರತಿ ವರ್ಷ ಐದಾರು ಮಕ್ಕಳು ಆಯ್ಕೆಯಾಗುತ್ತಾರೆ. ಗಣಿತದ ಹುದ್ದೆಯೇ ಖಾಲಿ ಇರುವ ಶಾಲೆಯಲ್ಲಿ ಅರ್ಜಿ ಹಾಕುವವರೇ ಇರೋದಿಲ್ಲ. ಇಷ್ಟು ಅಂತರ ಇರುವಾಗ ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಿದರೆ, ಒಳ್ಳೆ ಶಾಲೆಗಳಿರುವ ಕೆಲವೇ ಜಿಲ್ಲೆಗಳು ಬಹುಪಾಲನ್ನು ತೆಗೆದುಕೊಂಡು ಹೋಗುತ್ತವೆ. ಯಾದಗಿರಿಯ ಮಗುವನ್ನು ಯಾದಗಿರಿಯ ಮಕ್ಕಳ ಜೊತೆ ಹೋಲಿಸೋದೇ ಸರಿ. ಹಾಗೆ ನೋಡಿದರೆ ಜಿಲ್ಲೆಯೂ ದೊಡ್ಡದಾಯಿತು, ತಾಲ್ಲೂಕಿನ ಮಟ್ಟಕ್ಕೆ ಇಳಿಸಿದರೆ ಇನ್ನೂ ವಾಸಿ.

8ನೇ ತರಗತಿಯೇ ಯಾಕೆ?

ಇಲ್ಲೊಂದು ಕರ್ನಾಟಕಕ್ಕೇ ವಿಶೇಷವಾದ ತೊಡಕಿದೆ. ಹೊರಗಿನವರ ಕಣ್ಣಿಗೆ ಇದು ಬೀಳೋದೇ ಇಲ್ಲ.

ಯೋಜನೆಯ ಮೂಲ ಉದ್ದೇಶ 8ನೇ ತರಗತಿ ಆದಮೇಲೆ ಮಕ್ಕಳು ಶಾಲೆ ಬಿಡೋದನ್ನು ತಡೆಯೋದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಉಚಿತ, ಕಡ್ಡಾಯ ಶಿಕ್ಷಣ 8ನೇ ತರಗತಿವರೆಗೆ. ದೇಶದ ಬಹಳ ಕಡೆ 8ಕ್ಕೆ ಒಂದು ಶಾಲೆ ಮುಗಿಯುತ್ತದೆ, 9ಕ್ಕೆ ಇನ್ನೊಂದು ಶಾಲೆ ಹುಡುಕಬೇಕು. ಆ ಸೇತುವೆಯ ಮೇಲೆ ಮಗು ಬೀಳದಿರಲಿ ಅಂತ ಈ ದುಡ್ಡು.

ನಮ್ಮಲ್ಲಿ ಸೇತುವೆ ಬೇರೆ ಕಡೆ ಇದೆ. ಬಹಳಷ್ಟು ಊರುಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ 7ಕ್ಕೆ ಮುಗಿಯುತ್ತದೆ. 8ರಿಂದ 10 ಹೈಸ್ಕೂಲು. ಆಮೇಲೆ ಪಿಯು. ಮಗು ಶಾಲೆ ಬದಲಾಯಿಸೋದು 7 ಆದಮೇಲೆ ಒಮ್ಮೆ, 10 ಆದಮೇಲೆ ಇನ್ನೊಮ್ಮೆ.

ಇದರ ಪರಿಣಾಮ ನೋಡಿ. ಹಳ್ಳಿಯ ಶಾಲೆಯಿಂದ ಮಗು ಜೂನ್‌ನಲ್ಲಿ ಪಕ್ಕದ ಊರಿನ ಹೈಸ್ಕೂಲಿಗೆ ಬರುತ್ತದೆ. ಮೇಷ್ಟ್ರುಗಳು ಹೊಸಬರು. ತರಗತಿಯಲ್ಲಿ ನಾಲ್ಕೈದು ಊರಿನ ಮಕ್ಕಳು. ಯಾರು ಚುರುಕು, ಯಾರ ಮನೆ ಪರಿಸ್ಥಿತಿ ಹೇಗೆ ಅಂತ ಮೇಷ್ಟ್ರಿಗೆ ಗೊತ್ತಾಗುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಎನ್‌ಎಂಎಂಎಸ್ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್–ಜನವರಿ ಹೊತ್ತಿಗೆ. ಅರ್ಜಿ ಅದಕ್ಕೂ ಮುಂಚೆ ಹೋಗಬೇಕು. 7ನೇ ತರಗತಿಯಲ್ಲಿ ಆ ಮಗುವನ್ನು ಚೆನ್ನಾಗಿ ಬಲ್ಲ ಮೇಷ್ಟ್ರು ಹಳೇ ಶಾಲೆಯಲ್ಲೇ ಉಳಿದರು. ಅರ್ಜಿ ತುಂಬಬೇಕಾದವರಿಗೆ ಮಗುವಿನ ಪರಿಚಯವೇ ಸರಿಯಾಗಿಲ್ಲ.

ಇದಕ್ಕೆ ಪರಿಹಾರ ಸುಲಭ. ಪ್ರಾಥಮಿಕ ಶಾಲೆಯವರು 7ನೇ ತರಗತಿಯ ವರ್ಗಾವಣೆ ಪತ್ರ ಕೊಡುವಾಗಲೇ ‘ಈ ಮಕ್ಕಳನ್ನು ಎನ್‌ಎಂಎಂಎಸ್‌ಗೆ ಕೂರಿಸಿ’ ಅಂತ ಒಂದು ಪಟ್ಟಿಯನ್ನು ಹೈಸ್ಕೂಲಿಗೆ ಕಳಿಸಿದರೆ ಸಾಕು. ಒಂದೇ ಹಾಳೆ. ಹೀಗೆ ಮಾಡಬೇಡಿ ಅಂತ ಯಾವ ನಿಯಮವೂ ಹೇಳೋದಿಲ್ಲ.

ಆಯ್ಕೆ ಆದಮೇಲೆ: ಓಟಿಆರ್, ಆಧಾರ್, ಹೆಸರಿನ ಇನಿಷಿಯಲ್

ಈಗ ಎರಡನೇ ಪ್ರಶ್ನೆ. ಪಟ್ಟಿಯಲ್ಲಿ ಹೆಸರು ಬಂತು, ಶಾಲೆಯಲ್ಲಿ ಚಪ್ಪಾಳೆಯೂ ಆಯ್ತು. ದುಡ್ಡು ಮಾತ್ರ ಬರಲಿಲ್ಲ. ಯಾಕೆ?

ಕಾರಣ ಏನಂದರೆ, ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ದುಡ್ಡು ತಾನಾಗಿ ಬರೋದಿಲ್ಲ. ಮಗು 9ನೇ ತರಗತಿಗೆ ಬಂದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎನ್‌ಎಸ್‌ಪಿಯಲ್ಲಿ, ಬೇರೆಯಾಗಿ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ಎಸ್‌ಎಸ್‌ಪಿ ಬೇರೆ, ಇದು ಬೇರೆ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದವರು ‘ಅರ್ಜಿ ಹಾಕಿ ಆಗಿದೆ’ ಅಂತ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಎರಡು ಹೆಸರು ಕೇಳೋಕೆ ಒಂದೇ ಥರ ಇರೋದರಿಂದ ಆಗುವ ಎಡವಟ್ಟು ಇದು. ಇದರ ಬೆಲೆ 48,000 ರೂಪಾಯಿ. ಹೊಸ ಅರ್ಜಿಗೆ ಅವಕಾಶ 9ನೇ ತರಗತಿಯಲ್ಲಷ್ಟೇ. ಆ ವರ್ಷದ ಗಡುವು ತಪ್ಪಿದರೆ ಮುಂದಿನ ಮೂರು ವರ್ಷವೂ ಹೋದಂತೆ.

ಎನ್‌ಎಸ್‌ಪಿಯಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಿ 14 ಅಂಕಿಯ ಓಟಿಆರ್ ನಂಬರ್ ಪಡೆಯಬೇಕು. ಅದಕ್ಕೆ ಆಧಾರ್, ಮೊಬೈಲ್, ಮುಖ ಗುರುತಿಸುವ ಆ್ಯಪ್ ಬೇಕು. ಆಮೇಲೆ ಅರ್ಜಿ. ಅದನ್ನು ಶಾಲೆಯ ನೋಡಲ್ ಅಧಿಕಾರಿ ಪರಿಶೀಲಿಸಬೇಕು. ನಂತರ ಜಿಲ್ಲಾ ನೋಡಲ್ ಅಧಿಕಾರಿ. ಎರಡೂ ಕಡೆ ಒಪ್ಪಿಗೆ ಬಿದ್ದ ಮೇಲೆ ದುಡ್ಡು ನೇರ ಮಗುವಿನ ಖಾತೆಗೆ. ಆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಷ್ಟರಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೂ ದುಡ್ಡು ನಿಲ್ಲುತ್ತದೆ.

ಹೆಚ್ಚು ಸಲ ಕಳಚೋದು ಹೆಸರಿನ ಕೊಂಡಿ. ನಮ್ಮ ಹೆಸರುಗಳನ್ನೇ ತಗೊಳ್ಳಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಮಂಜುಳ ಎಚ್’ ಅಂತಿರುತ್ತದೆ. ಆಧಾರ್‌ನಲ್ಲಿ ‘ಎಚ್ ಮಂಜುಳಾ’. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಮಂಜುಳ ಹನುಮಂತಪ್ಪ’. ಊರಲ್ಲಿ ಎಲ್ಲರಿಗೂ ಗೊತ್ತು, ಮೂರೂ ಒಬ್ಬಳೇ ಅಂತ. ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಇವರು ಮೂರು ಜನ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕೊನೆಗೆ ಒಂದು ‘ಎ’ ಜಾಸ್ತಿಯಾದರೂ ಸಾಕು. ಸರಿಪಡಿಸಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ಅದು ತಾಲ್ಲೂಕಿನಲ್ಲಿ. ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಆ ದಿನ ಸರ್ವರ್ ಇಲ್ಲದಿದ್ದರೆ ಎರಡು ದಿನದ್ದು.

ಮೊಬೈಲ್ ನಂಬರಿನ ಕಥೆಯೂ ಹೀಗೇ. ಅರ್ಜಿ ಹಾಕುವಾಗ ಕೊಟ್ಟ ನಂಬರಿಗೆ ಒಟಿಪಿ ಬರುತ್ತದೆ. ರೀಚಾರ್ಜ್ ಮಾಡಿಸದೆ ಆ ಸಿಮ್ ಸತ್ತುಹೋಗಿದ್ದರೆ ಮುಂದಿನ ವರ್ಷ ನವೀಕರಣಕ್ಕೆ ಮಗು ತನ್ನದೇ ಅರ್ಜಿಯೊಳಗೆ ಹೋಗಲು ಪರದಾಡಬೇಕು.

ಇಷ್ಟೊಂದು ಬಿಗಿ ಯಾಕೆ ಬೇಕಿತ್ತು ಅಂತ ಅನಿಸಬಹುದು. ಅದಕ್ಕೂ ಕಾರಣ ಇದೆ. 2023ರಲ್ಲಿ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ತನಿಖೆ ನಡೆದಾಗ, ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಇಲ್ಲವೇ ನಡೆಯುತ್ತಲೇ ಇಲ್ಲದವು ಅಂತ ಕೇಂದ್ರ ಸಚಿವಾಲಯವೇ ಹೇಳಿತು. ಇಲ್ಲದ ಮಕ್ಕಳ ಹೆಸರಲ್ಲಿ ದುಡ್ಡು ಹೋಗಿತ್ತು. ಆಮೇಲೆ ಸಂಸ್ಥೆಗಳ ನೋಡಲ್ ಅಧಿಕಾರಿಗಳಿಗೂ ಬೆರಳಚ್ಚಿನ ದೃಢೀಕರಣ ಬಂತು. ಕಳ್ಳರನ್ನು ತಡೆಯಲು ಹಾಕಿದ ಬೇಲಿ ಇದು, ಬೇಕಾಗಿತ್ತು ಕೂಡ. ಆದರೆ ಎನ್‌ಎಂಎಂಎಸ್‌ನಲ್ಲಿ ಮಗುವನ್ನು ರಾಜ್ಯ ಸರ್ಕಾರವೇ ಪರೀಕ್ಷೆ ಮಾಡಿ, ಕೊಠಡಿಯಲ್ಲಿ ಕೂರಿಸಿ, ನೋಡಿ ಆಯ್ಕೆ ಮಾಡಿರುತ್ತದೆ. ಆ ಮಗು ಇದೆಯೋ ಇಲ್ಲವೋ ಅಂತ ಪ್ರತಿ ವರ್ಷ ಮೊದಲಿನಿಂದ ಸಾಬೀತು ಮಾಡಿಸುವ ಅಗತ್ಯ ಅಷ್ಟಾಗಿ ಕಾಣೋದಿಲ್ಲ. ಶಾಲೆಗಳ ದಾಖಲಾತಿ ಈಗಾಗಲೇ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಆ ಮಾಹಿತಿಯನ್ನೇ ಎನ್‌ಎಸ್‌ಪಿಗೆ ಜೋಡಿಸಿದರೆ, ಮಗು ತೇರ್ಗಡೆಯಾದ ಕೂಡಲೇ ನವೀಕರಣ ತಾನಾಗಿ ಆಗಬಹುದು.

ಎಸ್‌ಎಸ್‌ಎಲ್‌ಸಿ ಆದಮೇಲಿನ ತಿರುವು

ನಾಲ್ಕು ವರ್ಷದ ಮಧ್ಯೆ ಒಂದು ದೊಡ್ಡ ತಿರುವಿದೆ. 10ನೇ ತರಗತಿಯಲ್ಲಿ ಶೇ 60 ಅಂಕ ಬರಬೇಕು. ಪರಿಶಿಷ್ಟರಿಗೆ ಶೇ 55. ಇದನ್ನು ದಾಟುವುದು ಈ ಮಕ್ಕಳಿಗೆ ಅಂಥ ಕಷ್ಟವಲ್ಲ. ತೊಡಕು ಇರೋದು ಮುಂದಿನ ಷರತ್ತಿನಲ್ಲಿ. ಪಿಯುಸಿಯನ್ನೂ ಸರ್ಕಾರಿ ಇಲ್ಲವೇ ಅನುದಾನಿತ ಕಾಲೇಜಿನಲ್ಲೇ ಓದಬೇಕು. ಖಾಸಗಿ ಕಾಲೇಜು ಸೇರಿದರೆ ದುಡ್ಡು ನಿಲ್ಲುತ್ತದೆ. ಡಿಪ್ಲೊಮಾ, ಐಟಿಐ ಸೇರಿದರೂ ನಿಲ್ಲುತ್ತದೆ.

ಈಗ ಒಂದು ತಾಲ್ಲೂಕು ಕೇಂದ್ರವನ್ನು ಕಣ್ಣೆದುರು ತಂದುಕೊಳ್ಳಿ. ಹುಡುಗ ಜಾಣ, ವಿಜ್ಞಾನ ಓದಬೇಕು ಅಂತ ಆಸೆ. ಎಲ್ಲ ಸರ್ಕಾರಿ ಪಿಯು ಕಾಲೇಜಿನಲ್ಲೂ ವಿಜ್ಞಾನ ವಿಭಾಗ ಇಲ್ಲ. ಇದ್ದ ಕಡೆಯೂ ಭೌತಶಾಸ್ತ್ರಕ್ಕೋ ಗಣಿತಕ್ಕೋ ಅತಿಥಿ ಉಪನ್ಯಾಸಕರೇ ಗತಿ ಅನ್ನುವ ಸ್ಥಿತಿ ಇರಬಹುದು. ಪಕ್ಕದ ಖಾಸಗಿ ಕಾಲೇಜು ಎಸ್‌ಎಸ್‌ಎಲ್‌ಸಿ ಅಂಕ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತೇವೆ ಅಂತ ಮನೆಗೇ ಬರುತ್ತದೆ. ಮನೆಯವರು ಸಾಲ ಮಾಡಿಯಾದರೂ ಅಲ್ಲಿಗೆ ಸೇರಿಸುತ್ತಾರೆ. ಸರ್ಕಾರದ ದುಡ್ಡು ಅತ್ಯಂತ ಅಗತ್ಯವಿದ್ದ ವರ್ಷವೇ ಅದು ನಿಂತುಹೋಗುತ್ತದೆ. ಇನ್ನೊಬ್ಬ ಹುಡುಗನ ಮನೆಯಲ್ಲಿ ‘ಬೇಗ ಕೆಲಸ ಸಿಗಲಿ’ ಅಂತ ಪಾಲಿಟೆಕ್ನಿಕ್‌ಗೆ ಹಾಕುತ್ತಾರೆ. ಸರ್ಕಾರಿ ಪಾಲಿಟೆಕ್ನಿಕ್ಕೇ ಆದರೂ ದುಡ್ಡಿಲ್ಲ.

ಈ ಷರತ್ತಿನ ಪರವಾಗಿ ಒಂದು ಗಟ್ಟಿ ವಾದವಿದೆ. ಸಾರ್ವಜನಿಕ ಹಣ ಸಾರ್ವಜನಿಕ ಸಂಸ್ಥೆಯನ್ನು ಬಲಪಡಿಸಬೇಕು. ಜಾಣ ಮಕ್ಕಳೆಲ್ಲ ಖಾಸಗಿಗೆ ಹೋದರೆ ಸರ್ಕಾರಿ ಕಾಲೇಜಿನಲ್ಲಿ ಉಳಿದವರಿಗೆ ಒಳ್ಳೆಯ ಸಹಪಾಠಿಗಳೂ ಇರೋದಿಲ್ಲ. ಮಾತು ಸರಿ. ಆದರೆ ತಿಂಗಳಿಗೆ 1,000 ರೂಪಾಯಿಗೆ ಇಂಥ ಷರತ್ತು ಕಟ್ಟಿದರೆ ಏನಾಗಬಹುದು ಅನ್ನೋದಕ್ಕೆ ದೂರದ ಒಂದು ಉದಾಹರಣೆ ಇದೆ.

ಮೆಸಾಚುಸೆಟ್ಸ್‌ನಲ್ಲಿ ಆಗಿದ್ದು

ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 2004ರಲ್ಲಿ ಆ್ಯಡಮ್ಸ್ ವಿದ್ಯಾರ್ಥಿವೇತನ ಶುರು ಮಾಡಿತು. ಆಗ ಮಿಟ್ ರಾಮ್ನಿ ಅಲ್ಲಿನ ಗವರ್ನರ್. ಸಾರ್ವಜನಿಕ ಹೈಸ್ಕೂಲಿನ ಮಕ್ಕಳಿಗೆ ರಾಜ್ಯದ್ದೇ ಪರೀಕ್ಷೆ. ಅದರಲ್ಲಿ ಒಳ್ಳೆಯ ಮಟ್ಟ ಮುಟ್ಟಿ, ತಮ್ಮ ಶಾಲಾ ಜಿಲ್ಲೆಯಲ್ಲಿ ಮೇಲಿನ ಶೇ 25ರೊಳಗೆ ಬಂದವರಿಗೆ ರಾಜ್ಯದ ಸಾರ್ವಜನಿಕ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಮನ್ನಾ. ಇಲ್ಲಿನ ಹಾಗೆ ಅಲ್ಲೂ ಊರನ್ನು ಊರಿನೊಳಗೇ ಅಳೆದರು. ಅದು ಒಳ್ಳೆಯ ಭಾಗ.

ತೊಂದರೆ ಇದ್ದದ್ದು ‘ಬೋಧನಾ ಶುಲ್ಕ’ ಅನ್ನುವ ಮಾತಿನಲ್ಲಿ. ಅಲ್ಲಿನ ಆಮ್ಹರ್ಸ್ಟ್‌ನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 1,714 ಡಾಲರ್ ಮಾತ್ರ ಇತ್ತು. ಉಳಿದ ಕಡ್ಡಾಯ ಶುಲ್ಕಗಳು ಅದರ ಎಷ್ಟೋ ಪಟ್ಟು. ‘ಶುಲ್ಕ ಮನ್ನಾ’ ಅಂತ ಪತ್ರ ಬಂದ ಮನೆಗಳಿಗೆ ನಿಜವಾಗಿ ಮನ್ನಾ ಆಗಿದ್ದು ಬಿಲ್ಲಿನ ಒಂದು ಸಣ್ಣ ಪಾಲು.

ಸಾರಾ ಕೋಹ್ಡೆಸ್ ಮತ್ತು ಜೋಶುವಾ ಗುಡ್‌ಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಪರಿಣಾಮ ನೋಡಿ 2014ರಲ್ಲಿ ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿವೇತನ ಕೂದಲೆಳೆಯಲ್ಲಿ ಸಿಕ್ಕವರನ್ನೂ ಕೂದಲೆಳೆಯಲ್ಲಿ ತಪ್ಪಿದವರನ್ನೂ ಹೋಲಿಸಿದರು. ಸಿಕ್ಕವರಲ್ಲಿ ಒಂದಷ್ಟು ಮಕ್ಕಳು ತಾವು ಸೇರಬಹುದಾಗಿದ್ದ ಇನ್ನೂ ಒಳ್ಳೆಯ ಕಾಲೇಜು ಬಿಟ್ಟು, ಈ ಸಣ್ಣ ರಿಯಾಯಿತಿಗಾಗಿ ರಾಜ್ಯದ ಕಾಲೇಜಿಗೆ ಸೇರಿದ್ದರು. ಆ ಕಾಲೇಜುಗಳಲ್ಲಿ ಪದವಿ ಮುಗಿಸುವವರ ಪ್ರಮಾಣವೇ ಕಡಿಮೆ ಇತ್ತು. ಪರಿಣಾಮವಾಗಿ ಈ ಮಕ್ಕಳಲ್ಲೂ ಪದವಿ ಮುಗಿಸುವವರ ಪ್ರಮಾಣ ಇಳಿಯಿತು. ಸಹಾಯಕ್ಕೆ ಅಂತ ಕೊಟ್ಟದ್ದೇ ಕಾಲಿಗೆ ತೊಡರಿತು.

ಕರ್ನಾಟಕದ ಸ್ಥಿತಿ ಹಾಗೇ ಇದೆ ಅಂತ ಹೇಳಲು ಬರೋದಿಲ್ಲ. ನಮ್ಮ ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳು ಚೆನ್ನಾಗಿ ನಡೆಯುತ್ತಿವೆ. ಅಲ್ಲಿ ಓದಿದ ಮಕ್ಕಳು ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆಯುತ್ತಾರೆ. ಆದರೆ ಒಂದು ಸಂಗತಿ ಎರಡೂ ಕಡೆ ಒಂದೇ. ದುಡ್ಡಿಗೆ ಕಾಲೇಜನ್ನು ಕಟ್ಟಿದರೆ, ಆ ಕಾಲೇಜು ಹೇಗಿದೆ ಅನ್ನೋದೇ ಮಗುವಿನ ಭವಿಷ್ಯ ತೀರ್ಮಾನಿಸುತ್ತದೆ. ಹಾಗಾಗಿ ಎನ್‌ಎಂಎಂಎಸ್ ಮಕ್ಕಳು ಇರುವ ತಾಲ್ಲೂಕಿನಲ್ಲಿ ಕಡೇಪಕ್ಷ ಒಂದು ಸರ್ಕಾರಿ ಕಾಲೇಜಿನಲ್ಲಾದರೂ ಪೂರ್ತಿ ವಿಜ್ಞಾನ ಉಪನ್ಯಾಸಕರನ್ನು ಕೊಡೋದು ಈ ಷರತ್ತಿನ ಇನ್ನೊಂದು ಮುಖ. ಅದನ್ನು ಮಾಡದೆ ಷರತ್ತು ಮಾತ್ರ ಉಳಿಸಿಕೊಂಡರೆ ಭಾರ ಮಗುವಿನ ಮೇಲೆ ಬೀಳುತ್ತದೆ. ಸರ್ಕಾರಿ ಪಾಲಿಟೆಕ್ನಿಕ್ ಸೇರಿದವರನ್ನು ಹೊರಗಿಡಲು ಅಂತೂ ಒಳ್ಳೆಯ ಕಾರಣವೇ ಇಲ್ಲ. ಅದೂ ಸಾರ್ವಜನಿಕ ಸಂಸ್ಥೆಯೇ ಅಲ್ವಾ?

ಜಾಣರಿಗೆ ಮಾತ್ರವೋ, ಎಲ್ಲರಿಗೂ ಒಂದಿಷ್ಟೋ?

ಈ ಚರ್ಚೆ ಹಳೆಯದು. ಒಂದು ಕಡೆಯವರು ಹೇಳೋದು: ದುಡ್ಡು ಕಡಿಮೆ ಇದೆ, ಎಲ್ಲರಿಗೂ ಹಂಚಿದರೆ ಯಾರಿಗೂ ಸಾಲದು. ಜಾಣ ಮಗುವಿಗೆ ಕೊಟ್ಟರೆ ಇಡೀ ಶಾಲೆಗೆ ಹುರುಪು ಬರುತ್ತದೆ. ಸರ್ಕಾರಿ ಶಾಲೆಯ ಮಗು ಮೊದಲ ಬಾರಿ ಓಎಂಆರ್ ಹಾಳೆ ಮುಟ್ಟೋದು ಇದೇ ಪರೀಕ್ಷೆಯಲ್ಲಿ. ಮುಂದೆ ಸಿಇಟಿ, ನೀಟ್‌ಗೆ ಅದೇ ಮೊದಲ ಮೆಟ್ಟಿಲು.

ಇನ್ನೊಂದು ಕಡೆಯವರು ಹೇಳೋದು: ಶಾಲೆ ಬಿಡುವ ಭಯ ಇರೋದು ಜಾಣ ಮಗುವಿಗಿಂತ ಸಾಧಾರಣ ಮಗುವಿಗೆ. ಪರೀಕ್ಷೆ ಗೆಲ್ಲುವವರು ಹೇಗೂ ಓದು ಮುಂದುವರಿಸುತ್ತಾರೆ. ತಮಿಳುನಾಡು ಈ ದಾರಿ ಹಿಡಿಯಿತು. 2022ರಲ್ಲಿ ಶುರುವಾದ ಪುದುಮೈ ಪೆಣ್ ಯೋಜನೆಯಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ಉನ್ನತ ಶಿಕ್ಷಣಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ. ಪರೀಕ್ಷೆ ಇಲ್ಲ. ಡಿಪ್ಲೊಮಾ, ಐಟಿಐಗೂ ಸಿಗುತ್ತದೆ. 2024ರಲ್ಲಿ ಗಂಡುಮಕ್ಕಳಿಗೂ ಇದೇ ಥರದ ಯೋಜನೆ ಬಂತು.

ಎರಡರಲ್ಲೂ ಸತ್ಯವಿದೆ. ಆದರೆ ಎನ್‌ಎಂಎಂಎಸ್ ವಿಚಾರದಲ್ಲಿ ಒಂದು ಮಾತು ಮರೆಯಬಾರದು. ಇದು ಬರೀ ಪ್ರತಿಭೆಯ ಬಹುಮಾನ ಅಲ್ಲ. 3.5 ಲಕ್ಷದ ಮಿತಿ ಇರೋದರಿಂದ ಬಡ ಕುಟುಂಬಗಳ ಒಳಗೇ ನಡೆಯುವ ಆಯ್ಕೆ ಇದು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಲಾಟರಿ ಹಣದಿಂದ 1993ರಲ್ಲಿ ಶುರುವಾದ ಹೋಪ್ ವಿದ್ಯಾರ್ಥಿವೇತನಕ್ಕೆ ಮೊದಲು ಆದಾಯ ಮಿತಿ ಇತ್ತು. ಎರಡೇ ವರ್ಷದಲ್ಲಿ ತೆಗೆದುಹಾಕಿದರು. ಹಣ ಸಾಲದಾದಾಗ, 2011ರಲ್ಲಿ, ಪೂರ್ತಿ ಬೋಧನಾ ಶುಲ್ಕ ಬೇಕಾದರೆ ಇನ್ನೂ ಹೆಚ್ಚು ಅಂಕ ಬೇಕು ಅಂದರು. ಆದಾಯದ ಮಿತಿ ಇಲ್ಲದ ಕಡೆ ಅಂಕದ ಗೆರೆ ಮೇಲೇರಿದಷ್ಟೂ ಟ್ಯೂಷನ್‌ಗೆ ಹೋಗಬಲ್ಲವರಿಗೆ ಅನುಕೂಲ. ನಮ್ಮ ಯೋಜನೆ ಈ ತಪ್ಪು ಮಾಡಿಲ್ಲ. ಅದು ಹಾಗೇ ಉಳಿಯಬೇಕು.

1,000 ರೂಪಾಯಿ ಈಗ ಎಷ್ಟು?

2017ರಿಂದ ಮೊತ್ತ ಬದಲಾಗಿಲ್ಲ. ಅಲ್ಲಿಂದ ಇಲ್ಲಿಗೆ ಬೆಲೆಗಳು ಹೆಚ್ಚೂಕಡಿಮೆ ಒಂದೂವರೆ ಪಟ್ಟಾಗಿವೆ. ಅಂದರೆ ಇವತ್ತಿನ 12,000 ರೂಪಾಯಿಗೆ ಆಗಿನ ಸುಮಾರು 8,000 ರೂಪಾಯಿಯ ಸಾಮಾನು ಬರುತ್ತದೆ. ಅಂದಿನ ಬೆಲೆಗೇ ನಿಲ್ಲಿಸಬೇಕಾದರೂ ವರ್ಷಕ್ಕೆ 18,000 ಕೊಡಬೇಕು.

ಮುಂದೇನಾಗಬಹುದು?

ಕೇಂದ್ರದ ಇಂಥ ಯೋಜನೆಗಳಿಗೆ ಹಣಕಾಸು ಆಯೋಗದ ಅವಧಿಯ ಜೊತೆಗೇ ಒಪ್ಪಿಗೆ ಸಿಗುತ್ತದೆ. 16ನೇ ಹಣಕಾಸು ಆಯೋಗದ ಐದು ವರ್ಷ 2026ರ ಏಪ್ರಿಲ್ 1ರಿಂದ ಲೆಕ್ಕ. ಹೊಸ ಅವಧಿ ಅಂದರೆ ಪ್ರತಿ ಯೋಜನೆಯೂ ಮತ್ತೆ ಪರಿಶೀಲನೆಗೆ ಬರುತ್ತದೆ. ಮುಂದುವರಿಸುವಾಗ ಮೊತ್ತ, ಆದಾಯ ಮಿತಿ, ರಾಜ್ಯಗಳ ಪಾಲು ಬದಲಾಗುವ ಅವಕಾಶವೂ ಇದೇ ಹೊತ್ತಿನಲ್ಲಿ ಇರುತ್ತದೆ.

ಪಾಲಕರ ಆತಂಕ ಸುಮ್ನೆ ಹುಟ್ಟಿದ್ದಲ್ಲ. 1960ರ ದಶಕದಿಂದ ನಡೆದು ಬಂದ ಎನ್‌ಟಿಎಸ್‌ಇ (ರಾಷ್ಟ್ರೀಯ ಪ್ರತಿಭಾನ್ವೇಷಣೆ) ಪರೀಕ್ಷೆಯ ಒಪ್ಪಿಗೆ 2021ರ ಮಾರ್ಚ್ 31ಕ್ಕೆ ಮುಗಿಯಿತು. ಪರಿಶೀಲನೆ ಅಂತ ಹೇಳಿ ನಿಲ್ಲಿಸಿದರು. ಅದು ಪಿಯುಸಿಯಲ್ಲಿ ತಿಂಗಳಿಗೆ 1,250, ಪದವಿಯಲ್ಲಿ 2,000 ರೂಪಾಯಿ ಕೊಡುತ್ತಿತ್ತು. ಎನ್‌ಎಂಎಂಎಸ್ ಮತ್ತು ಎನ್‌ಟಿಎಸ್‌ಇ ಒಂದೇ ಅಲ್ಲ. ಎನ್‌ಟಿಎಸ್‌ಇ ಎಲ್ಲ ಶಾಲೆಯವರಿಗೂ ಇತ್ತು, ಎನ್‌ಎಂಎಂಎಸ್ ಬಡ ಮಕ್ಕಳಿಗೆ. ಇದನ್ನು ಕೈಬಿಡುವುದು ರಾಜಕೀಯವಾಗಿಯೂ ಕಷ್ಟ.

ರಾಜ್ಯದ ಕೈಯಲ್ಲೂ ಒಂದು ದಾರಿ ಇದೆ. ಲೆಕ್ಕ ಹಾಕಿ: 5,534 ಮಕ್ಕಳು, ನಾಲ್ಕು ತಂಡ, ತಲಾ 12,000. ಎಲ್ಲರಿಗೂ ತಪ್ಪದೆ ಹೋದರೂ ವರ್ಷಕ್ಕೆ 26.5 ಕೋಟಿ ರೂಪಾಯಿ. ಕರ್ನಾಟಕದ 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಕೇಂದ್ರ ಕೊಡುವ 1,000ಕ್ಕೆ ರಾಜ್ಯ 500 ಸೇರಿಸಿದರೆ ತಗಲುವ ಖರ್ಚು 13 ಕೋಟಿ ಚಿಲ್ಲರೆ. ಬಾಗಿಲಲ್ಲೇ ಬಿದ್ದುಹೋಗುವ ಪಾಲಿಟೆಕ್ನಿಕ್ ಮಕ್ಕಳಿಗೆ, ವಸತಿ ಶಾಲೆಯಿಂದ ಪಿಯುಗೆ ಬಂದ ಮಕ್ಕಳಿಗೆ ರಾಜ್ಯವೇ ಕೊಡುವುದಾದರೆ ಅದೂ ಇದೇ ಗಾತ್ರದ ಖರ್ಚು.

ಅದೆಲ್ಲ ಆಗುವವರೆಗೆ ಶಾಲೆಗಳು ಮಾಡಬಹುದಾದ್ದು ಒಂದಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಎನ್‌ಎಂಎಂಎಸ್ ಮಗು ಹೈಸ್ಕೂಲಿನಿಂದ ಟಿ.ಸಿ. ತಗೊಂಡು ಹೋಗುವಾಗ ಆ ಟಿ.ಸಿ.ಯ ಬೆನ್ನಿಗೆ ಓಟಿಆರ್ ನಂಬರ್, ಅರ್ಜಿಯ ಐಡಿ, ನೋಂದಣಿಗೆ ಕೊಟ್ಟ ಮೊಬೈಲ್ ನಂಬರ್ ಬರೆದು ಒಂದು ಚೀಟಿ ಪಿನ್ ಮಾಡಿ. ಪಿಯು ಕಾಲೇಜಿನ ಗುಮಾಸ್ತರಿಗೆ ಈ ಮಗುವಿನ ನವೀಕರಣ ಬಾಕಿ ಇದೆ ಅಂತ ಗೊತ್ತಾಗೋದಕ್ಕೆ ಸದ್ಯಕ್ಕೆ ಇರೋದು ಆ ಚೀಟಿಯೊಂದೇ.